ಶಾಮಿಯಾನ ಹಾರಿದ ಮದುವೆಯನ್ನು ಅಳಿಸಿದ್ದು

ನಮ್ಮಪ್ಪನಿಗೆ ಗಿರಾಕಿಗಳ ಹೆಸರು ನೆನಪಿರುವುದಿಲ್ಲ, ಮದುವೆಗಳು ನೆನಪಿರುತ್ತವೆ. ಬ್ಯಾಡಗಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಅವನ ಫೋಟೋ ಸ್ಟುಡಿಯೊ. ಅಲ್ಲಿನ ಹಳೆಯ ಕಂಪ್ಯೂಟರಿನೊಳಗೆ ಅವನು ಮಾಡಿಟ್ಟಿದ್ದ ಒಂದು ಫೋಲ್ಡರಿಗೂ ವಧು-ವರರ ಹೆಸರಿರಲಿಲ್ಲ, ತಾರೀಖು ಇರಲಿಲ್ಲ. ‘ಹೋಳಿಗಿ ಸಾಲಲಿಲ್ಲ’, ‘ಬೀಗರು ಸಿಟ್ಟಾದದ್ದು’, ‘ಕರೆಂಟ್ ಹೋದದ್ದು ಹಲಗೇರಿ’, ‘ಕರೆಂಟ್ ಹೋದದ್ದು ಗುತ್ತಲ’, ‘ಮದುಮಗ ನಗಲೇ ಇಲ್ಲ’. ಯಾರಾದರೂ ಬಂದು ಹಳೆಯ ಫೋಟೋದ ಇನ್ನೊಂದು ಪ್ರತಿ ಬೇಕೆಂದರೆ ಅಪ್ಪ ಹೆಸರು ಕೇಳುತ್ತಿರಲಿಲ್ಲ. “ನಿಮ್ಮ ಮದುವ್ಯಾಗ ಏನಾತ್ರಿ?” ಎಂದು ಕೇಳುತ್ತಿದ್ದ. ಆಶ್ಚರ್ಯವೆಂದರೆ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಬೆಂಚಿನ ಮೇಲೆ ಕುಳಿತು, ತಮ್ಮ ಮದುವೆಯಲ್ಲಿ ಕೆಟ್ಟದ್ದೇನು ಎಂದು ನೆನಪು ಮಾಡಿಕೊಂಡು, ನಕ್ಕು ಹೇಳುತ್ತಿದ್ದರು. ಏನೂ ಕೆಡದ ಮದುವೆಗಳಿಗೆಲ್ಲ ಸೇರಿ ಒಂದೇ ದೊಡ್ಡ ಫೋಲ್ಡರು: ‘ಸುಮ್ನ ಆದವು’.

ಇದು ವ್ಯವಸ್ಥೆಯೇ ಅಲ್ಲ ಎಂದು ನಾನು ಅಪ್ಪನೊಡನೆ ವಾದಿಸದ ವಾರವಿರಲಿಲ್ಲ. ಹಾವೇರಿಯ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದ ವರ್ಷಗಳಲ್ಲಿ ನನಗೆ ಚರ್ಚಾಸ್ಪರ್ಧೆಯ ಚಟ ಹತ್ತಿತ್ತು. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ನಾಲ್ಕು ನಿಮಿಷ ಮಾತು, ಒಂದು ನಿಮಿಷ ಮರುವಾದ. ಕಾಲೇಜು ಮುಗಿಯಿತು, ಚಟ ಮುಗಿಯಲಿಲ್ಲ. ಅಡುಗೆಮನೆಯಲ್ಲೂ ಒಮ್ಮೆ ಬಾಯಿತಪ್ಪಿ “ಮಾನ್ಯ ಅಧ್ಯಕ್ಷರೇ” ಎಂದುಬಿಟ್ಟಿದ್ದೆ. “ಇಲ್ಲಿ ಅಧ್ಯಕ್ಷರು ಯಾರೂ ಇಲ್ಲ, ನಾನಽ ಇರೂದು. ಹಿಟ್ಟ ನಾದು” ಎಂದಿದ್ದಳು ಅವ್ವ.

ಹೋದ ವರ್ಷ ಅಪ್ಪ ಹೊಸ ಕಂಪ್ಯೂಟರು ತಂದ. ಈಚಿನ ಎರಡು ವರ್ಷದ ಮದುವೆಗಳನ್ನಷ್ಟೇ ಅದಕ್ಕೆ ಸಾಗಿಸಿದ. ಹಳೆಯದನ್ನು ಕೊಳ್ಳಲು ರಾಣೇಬೆನ್ನೂರಿನ ಒಬ್ಬರು ಮುಂದೆ ಬಂದರು. ಅವರು ಅಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ತೆರೆಯುವವರಿದ್ದರು. ಡಿಸ್ಕ್ ಸಮೇತ ಕೊಡುತ್ತೇನೆ ಎಂದು ಅಪ್ಪ ಮಾತು ಕೊಟ್ಟಾಗಿತ್ತು. ಒಂದು ದಿನ ಮಧ್ಯಾಹ್ನ ಅವರು ಬಂದು ಒಯ್ಯುವುದೆಂದು ಮಾತಾಗಿ, ಅದರ ಹಿಂದಿನ ದಿನ ಬೆಳಿಗ್ಗೆ ಅಪ್ಪ ಅದರೆದುರು ಕುಳಿತ. ಹತ್ತು ನಿಮಿಷದಲ್ಲಿ ಎದ್ದ.

“ಆತು. ಎಲ್ಲಾ ಅಳಿಸಿದೆ.”

“ಹೆಂಗ ಅಳಿಸಿದಿ?”

“ಫಾರ್ಮ್ಯಾಟ್ ಹೊಡದೆ. ಲಗೂನಽ ಆತು ನೋಡು.”

“ಲಗೂ ಆತು ಅಂದ್ರಽ ಆಗಿಲ್ಲ ಅಂತ ಅರ್ಥ” ಎಂದೆ ನಾನು. ಇಂಥ ಒಂದು ಅವಕಾಶಕ್ಕೆ ನಾನು ಕಾಯುತ್ತಿದ್ದೆ ಎಂದು ಈಗ ಒಪ್ಪಿಕೊಳ್ಳಬೇಕು. “ಅಪ್ಪಾ, ಯಾರ್ಡಿನ್ಯಾಗ ಮೆಣಸಿನಕಾಯಿ ಚೀಲದ ಮ್ಯಾಲ ಚೀಟಿ ಇರತೈತಿಲ್ಲ? ನೀ ಆ ಚೀಟಿ ಹರದೀದಿ ಅಷ್ಟಽ. ಮೆಣಸಿನಕಾಯಿ ಎಲ್ಲಿ ಹೋಗತಾವು? ಚೀಲದಾಗಽ ಅದಾವು.”

ಮೆಣಸಿನಕಾಯಿಯ ಊರಿನಲ್ಲಿ ಹುಟ್ಟಿದವನಿಗೆ ಈ ಉದಾಹರಣೆ ಅರ್ಥವಾಗದಿರಲು ಸಾಧ್ಯವಿರಲಿಲ್ಲ. ಆದರೆ ಅರ್ಥವಾಗುವುದು ಬೇರೆ, ಒಪ್ಪುವುದು ಬೇರೆ.

“ಚೀಟಿ ಇಲ್ಲದ ಚೀಲ ಯಾರ್ದೂ ಅಲ್ಲ” ಎಂದ ಅಪ್ಪ.

“ಅದಽ ನಾನೂ ಹೇಳೂದು. ಯಾರ್ದೂ ಅಲ್ಲ ಅಂದಮ್ಯಾಲ ಯಾರ್ ಬೇಕಾದ್ರೂ ಒಯ್ಯಬಹುದು.”

ಚಹಾ ತಂದಿದ್ದ ಅವ್ವ ಇದನ್ನು ಕೇಳಿ ನಿಂತಳು. ನಾನು ತೀರ್ಪಿಗೆ ಕಾಯದೆ ಪರಿಹಾರವನ್ನೂ ಹೇಳಿದೆ: ಡಿಸ್ಕನ್ನು ಬಿಚ್ಚಿ ಸುತ್ತಿಗೆಯಿಂದ ಜಜ್ಜಿ, ಅದಿಲ್ಲದೆಯೇ ಮಾರೋಣ.

“ಪ್ರತಿ ವರ್ಷ ಆಯುಧಪೂಜಿಗೆ ಅದಕ್ಕ ವಿಭೂತಿ ಹಚ್ಚೀನಿ, ಹೂ ಏರಿಸೀನಿ, ಕಾಯಿ ಒಡದೀನಿ” ಎಂದಳು ಅವ್ವ. “ಈಗ ಅದರ ತಲಿಮ್ಯಾಲ ಸುತ್ತಿಗಿ ಹಾಕ್ತಿ?”

“ಸುತ್ತಿಗಿಗೂ ಪೂಜಿ ಮಾಡೀದಿ ಅವ್ವಾ.”

“ಹಂಗಾದ್ರ ಅಣ್ಣ-ತಮ್ಮಂದಿರಿಗೆ ಬಡದಾಟ ಹಚ್ಚತೀಯೇನು?”

ಇದಕ್ಕೆ ಮರುವಾದವಿದೆ, ಆದರೆ ಒಂದು ನಿಮಿಷದಲ್ಲಿ ಹೇಳುವಂಥದಲ್ಲ. ಅಪ್ಪ ಸಂದು ನೋಡಿ ನುಗ್ಗಿದ. “ಬಾಯಿಲೆ ಬ್ಯಾಡ. ಅದಾವು ಅಂತೀದಿಲ್ಲ, ತಗದು ತೋರ್ಸು.”

ತೆಗೆದು ತೋರಿಸಿದೆ. ಅಳಿಸಿದ ಚಿತ್ರಗಳನ್ನು ಹುಡುಕಿ ಎಬ್ಬಿಸುವ ಪ್ರೋಗ್ರಾಮುಗಳು ಬಿಟ್ಟಿಯಾಗಿಯೇ ಸಿಗುತ್ತವೆ. ಅಂಥದ್ದೊಂದಿದ್ದ ಸಿಡಿಯಿಂದಲೇ ಹಳೆಯ ಕಂಪ್ಯೂಟರನ್ನು ಓಡಿಸಿದೆ. ಹಳೆಯ ಕಂಪ್ಯೂಟರಿನ ಮಾನಿಟರನ್ನು ಅಪ್ಪ ಅಳಿಸಿಯಾದೊಡನೆ ಹೊಸದಕ್ಕೆ ಹಚ್ಚಿದ್ದರಿಂದ, ನಾನು ಹಳೆಯದಕ್ಕೆ ಗೋಡೆಯ ಮೇಲಿನ ದೊಡ್ಡ ಪರದೆಯನ್ನು ಜೋಡಿಸಿದೆ. ಗಿರಾಕಿಗಳು ಬೆಂಚಿನ ಮೇಲೆ ಕುಳಿತು ಯಾವ ಫೋಟೋ ಬೇಕು, ಯಾವುದು ಬೇಡ ಎಂದು ಆರಿಸುವುದು ಆ ಪರದೆಯಲ್ಲೇ. ಸಿಕ್ಕ ಚಿತ್ರಗಳನ್ನು ಇಡಲು ಬೇರೊಂದು ಚಿಕ್ಕ ಡಿಸ್ಕನ್ನು ತಂದು ಚುಚ್ಚಿದೆ. ಊಟದ ಹೊತ್ತಿಗೆ ಮೊದಲನೆಯ ಮದುಮಗಳು ಎದ್ದು ಬಂದಳು. ಆಮೇಲೆ ತಡೆಯುವವರೇ ಇಲ್ಲ. ಅಕ್ಷತೆ, ಬಾಸಿಂಗ, ಮದುಮಕ್ಕಳಿಗೆ ಎರೆಯುವ ಸುರಗಿ ನೀರು, ಪಂಕ್ತಿಯಲ್ಲಿ ಬಾಯಿ ತೆರೆದು ಕುಳಿತ ಹಿರಿಯರು, ಅಳುವ ಕೂಸುಗಳು, ಸಾವಿರ ಸಾವಿರ.

ಅಪ್ಪ ಸೋತದ್ದಕ್ಕೆ ಬೇಸರಪಡಲಿಲ್ಲ. ಅವನ ಬೇಸರವೇ ಬೇರೆ ಇತ್ತು. ಎದ್ದು ಬಂದ ಚಿತ್ರಗಳಿಗೆ ಬರೀ ಉದ್ದುದ್ದ ನಂಬರುಗಳಿದ್ದವು.

“ನಾ ಇಟ್ಟ ಹೆಸರು ಎಲ್ಲಿ?”

“ಅವು ಮಾತ್ರ ಖರೇನಽ ಹೋಗ್ಯಾವು.”

“ಅಂದ್ರ ಮಂದೀದು ಎಲ್ಲಾ ಉಳೀತು, ನಂದು ಅಷ್ಟಽ ಹೋತು” ಎಂದು ಅಪ್ಪ ಕ್ಯಾಮೆರಾದ ಕೋಣೆಯೊಳಗೆ ಹೋದ.

ಗೆದ್ದವಳು ನಾನು, ಗೆಲುವನ್ನು ಸ್ವಲ್ಪ ಹೊತ್ತು ನೋಡಬೇಕಲ್ಲ. ಚಿತ್ರಗಳು ಒಂದಾದ ಮೇಲೊಂದು ತಾವೇ ಪರದೆಯ ಮೇಲೆ ಬರುವಂತೆ ಬಿಟ್ಟು ಕುಳಿತೆ.

ನಾಲ್ಕು ಗಂಟೆಯ ಸುಮಾರಿಗೆ ಒಬ್ಬಾಕೆ ಬಂದಳು. ಮೂವತ್ತರ ಒಳಗಿನ ವಯಸ್ಸು, ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಕಾಗದಪತ್ರ. ಪಾಸ್‌ಪೋರ್ಟ್ ಅಳತೆಯ ಫೋಟೋ ಬೇಕು, ಮದುವೆ ನೋಂದಣಿಗೆ ಎಂದಳು. ಒಳಗೆ ಅಪ್ಪ ದೀಪ ಹೊಂದಿಸುವವರೆಗೆ ಬೆಂಚಿನ ಮೇಲೆ ಕುಳಿತು ಪರದೆ ನೋಡತೊಡಗಿದಳು.

“ಅಯ್ಯ, ಇದು ನಮ್ಮ ಓಣಿ ಮದುವಿ! ಇಕಿಗೆ ಈಗ ಎರಡು ಹುಡುಗರು” ಎಂದು ನಕ್ಕಳು. “ಇಷ್ಟು ಹಳೇದು ಯಾಕ ತಗದೀ ತಂಗಿ?”

ನನಗೆ ಅಷ್ಟೇ ಬೇಕಾಗಿತ್ತು. ಅಪ್ಪ ಅಳಿಸಿದ್ದು, ಅದು ಅಳಿಸಿದ್ದೇ ಅಲ್ಲ ಎಂದು ನಾನು ಹೇಳಿದ್ದು, ಚೀಟಿ, ಚೀಲ, ಎಲ್ಲವನ್ನೂ ಒಪ್ಪವಾಗಿ ಹೇಳಿ, “ಒಂದೂ ಬಿಡಲಾರದಂಗ ಎಲ್ಲಾ ತಗದೇನ್ರಿ” ಎಂದು ಮುಗಿಸಿದೆ.

“ಎಲ್ಲಾ?”

“ಎಲ್ಲಾ.”

“ಅಂದ್ರ ನಂದೂ.”

ಆಗಲೂ ನನಗೆ ತಿಳಿಯಲಿಲ್ಲ. “ನಿಮ್ಮ ಮದುವಿ ಈಗ ಅಲ್ಲೇನ್ರಿ?” ಎಂದೆ, ಕೈಯಲ್ಲಿದ್ದ ಕಾಗದಗಳ ಕಡೆ ನೋಡಿ.

“ಇದು ಎರಡನೇದು” ಎಂದಳು. ದನಿ ಏರಲಿಲ್ಲ. “ಈ ಕಂಪ್ಯೂಟರ್ ಎಲ್ಲಿ ಹೋಗತೈತಿ?”

“ರಾಣೇಬೆನ್ನೂರಿಗೆ.” ಅಂಗಡಿ ಯಾವ ರಸ್ತೆಯಲ್ಲಿ ಎಂಬುದನ್ನೂ ಹೇಳಿದೆ. ಕೇಳಿದ್ದಕ್ಕಿಂತ ಹೆಚ್ಚು ಹೇಳುವುದು ನಮ್ಮಂಥವರ ರೋಗ.

ಆಕೆ ಪರದೆಗೆ ಬೆನ್ನು ಮಾಡಿ ಕುಳಿತಳು. “ನಾ ಹೋಗೂ ಮನೀ ಅದರ ಹಿಂದಿನ ಓಣಿ” ಎಂದಳು.

ಹೊರಗೆ ಬಂದ ಅಪ್ಪ ಆಕೆಯ ಮುಖವನ್ನೂ ನನ್ನ ಮುಖವನ್ನೂ ನೋಡಿ, ಬಂದು ಪರದೆ ಆರಿಸಿದ. ಹೆಸರು ಅವನಿಗೆ ನೆನಪಿರಲಿಲ್ಲ. “ಶಾಮಿಯಾನ ಹಾರಿದ್ದು, ಹೌದಲ್ಲವಾ?” ಎಂದ ಮೆಲ್ಲಗೆ.

“ಹೌದ್ರೀ ಕಾಕಾ. ಶಾಮಿಯಾನ ಹಾರಿದ್ದು.”

ಐದು ವರ್ಷದ ಹಿಂದೆ ತಾಳಿ ಕಟ್ಟಿದ ಕೂಡಲೇ ಗಾಳಿ ಬಂದು ಶಾಮಿಯಾನವನ್ನು ಎತ್ತಿ ಒಗೆದಿತ್ತಂತೆ. ಮದುವೆ ಎರಡು ವರ್ಷ ಬಾಳಿತು. ಆಕೆ ತವರಿಗೆ ಬಂದಳು, ಕೋರ್ಟಿನ ಕೆಲಸ ಮುಗಿಯಿತು, ಆಲ್ಬಮ್ಮನ್ನು ಬಚ್ಚಲೊಲೆಗೆ ಹಾಕಿ ನೀರು ಕಾಸಿದಳು. “ಛಲೋ ಕಾದಿದ್ವು ನೀರು” ಎಂದಳು.

ಅಪ್ಪ ನೆಲ ನೋಡುತ್ತಿದ್ದ. ನಾನು ಸಮಾಧಾನ ಹೇಳಲು ಹೋಗಿ ವಾದಕ್ಕೆ ಬಿದ್ದೆ. ಆ ಮನೆಯವರಿಗೆ ಮೊದಲ ಮದುವೆ ಗೊತ್ತಿದ್ದ ಮೇಲೆ ಹೆದರಿಕೆ ಯಾತರದು ಎಂದೆ.

“ಎಲ್ಲಾರಿಗೂ ಗೊತ್ತೈತಿ ತಂಗಿ, ಮುಚ್ಚಿಟ್ಟಿಲ್ಲ. ಗೊತ್ತಿರೂದು ಬ್ಯಾರೆ, ನೋಡೂದು ಬ್ಯಾರೆ. ನಾಳೆ ನೀರಿಗೆ ಹೋದಾಗ ಒಬ್ಬಾಕಿ, ‘ಬಾಸಿಂಗ ನಿನಗ ಭಾಳ ಒಪ್ಪಿತ್ತು ನೋಡವಾ’ ಅಂದ್ರ ನಾ ಏನನ್ನಲಿ?”

ಮರುವಾದದ ಸಮಯವನ್ನು ಸುಮ್ಮನೆ ಬಿಟ್ಟುಕೊಟ್ಟದ್ದು ಅದೇ ಮೊದಲಿರಬೇಕು.

“ನಾಳೆ ಅವರು ಬರೂದರಾಗ ಎಲ್ಲಾ ಖರೇನಽ ಅಳಿಸಿ ಕೊಡತೀನ್ರಿ” ಎಂದೆ.

“ಅಳಿಸೂಕಿಂತ ಮೊದಲ ಒಂದು ಕೆಲಸ ಐತಿ” ಎಂದಳು ಆಕೆ, ಅಪ್ಪನ ಕಡೆ ತಿರುಗಿ. “ಕಾಕಾ, ನಮ್ಮಪ್ಪಂದು ಒಂದರ ಫೋಟೋ ಸಿಗಬಹುದೇನ್ರಿ? ಆಲ್ಬಮ್ ಸುಟ್ಟಾಗ ಅಪ್ಪ ಇನ್ನೂ ಇದ್ದ. ಹೋದ ಶ್ರಾವಣದಾಗ ಹೋದ. ಮನ್ಯಾಗ ಹಾರ ಹಾಕಿರೂದು ಆಧಾರ್ ಕಾರ್ಡಿಂದ ದೊಡ್ಡದು ಮಾಡಿಸಿದ್ದು. ಪೊಲೀಸರು ಕರಿಸಿ ನಿಂದರಿಸಿದಂಗ ಕಾಣತಾನ.”

ಅಪ್ಪನ ತಲೆ ಥಟ್ಟನೆ ಮೇಲೆದ್ದಿತು. “ಐತಿ! ಹಗ್ಗ ಹಿಡಕೊಂಡು ನಗಾಕತ್ತಿದ್ದು ಐತಿ. ಶಾಮಿಯಾನ ಹಾರಿದಾಗ ಓಡಿಹೋಗಿ ಹಗ್ಗಕ್ಕ ಜೋತುಬಿದ್ದಿದ್ದ. ಬೀಗರು ನೋಡಿದ್ರ ಮರ್ಯಾದಿ ಹೋಗತೈತಿ ಅಂತ ಅದನ್ನ ಆಲ್ಬಮ್ಮಿಗೆ ಹಾಕಿರಲಿಲ್ಲ.”

ಅಂದರೆ ಆ ಚಿತ್ರ ಕಾಗದಕ್ಕೆ ಇಳಿದದ್ದೇ ಇಲ್ಲ. ಜಗತ್ತಿನಲ್ಲಿ ಅದಿದ್ದರೆ, ಅಪ್ಪ ಬೆಳಿಗ್ಗೆ ಅಳಿಸಿದ, ನಾನು ಮಧ್ಯಾಹ್ನ ಎಬ್ಬಿಸಿದ ಆ ನಂಬರುಗಳ ರಾಶಿಯೊಳಗೆ. ‘ಶಾಮಿಯಾನ ಹಾರಿದ್ದು’ ಎಂಬ ಫೋಲ್ಡರು ಇದ್ದಿದ್ದರೆ ಎರಡು ಕ್ಲಿಕ್ಕಿನ ಕೆಲಸ. ಇದು ವ್ಯವಸ್ಥೆಯೇ ಅಲ್ಲ ಎಂದು ವರ್ಷಗಟ್ಟಲೆ ವಾದಿಸಿದವಳು ಈಗ ಆ ವ್ಯವಸ್ಥೆ ಇಲ್ಲದೆ ಒದ್ದಾಡಬೇಕಾಯಿತು. ಅಪ್ಪ ನನ್ನನ್ನು ಒಮ್ಮೆ ನೋಡಿದ.

ಮತ್ತೆ ಪರದೆ ಹಚ್ಚಿದೆವು. ಆಕೆ ಮಾತ್ರ ತಿರುಗಲಿಲ್ಲ. ಎದುರಿನ ಗೋಡೆಯ ನೀಲಿ ಪರದೆ ಬಟ್ಟೆಯನ್ನು ನೋಡುತ್ತ ಕುಳಿತೇ ನಮ್ಮ ಪ್ರಶ್ನೆಗಳಿಗೆ ಉತ್ತರ ಕೊಟ್ಟಳು.

“ನಿಮ್ಮ ಶೀರಿ ಯಾವ ಬಣ್ಣರೀ?” ಎಂದೆ.

“ಹಳದಿ. ನಿನಗ ಉಪಯೋಗ ಇಲ್ಲ ಬಿಡು, ಮದುಮಕ್ಕಳು ಎಲ್ಲಾರೂ ಹಳದೀನಽ.”

“ಶಾಮಿಯಾನ ಯಾವ ಬಣ್ಣ ಇತ್ತವಾ?” ಎಂದ ಅಪ್ಪ.

“ಹಾರಿಹೋತಲ್ರೀ ಕಾಕಾ.”

“ಹಾರೂಕಿಂತ ಮೊದಲ?”

“ಕೆಂಪು ಬಿಳಿ ಪಟ್ಟಿ. ಹಾರೂ ಮುಂದೂ ಅದಽ ಬಣ್ಣ ಇತ್ತು” ಎಂದು ಆಕೆ ನಕ್ಕಾಗ ಅಪ್ಪನೂ ನಕ್ಕ.

ಕೆಂಪು ಬಿಳಿ ಪಟ್ಟಿಯ ಶಾಮಿಯಾನಗಳೂ ಕಡಿಮೆ ಇರಲಿಲ್ಲ. ಕೊನೆಗೆ ದಾರಿ ಹುಡುಕಿದವನು ಅಪ್ಪ. ಶಾಮಿಯಾನ ಹೋದ ಮೇಲೆ ಮಂದಿಯನ್ನೆಲ್ಲ ಪಕ್ಕದ ಶಾಲೆಯ ಕಟ್ಟೆಗೆ ಕೂಡಿಸಿ ಊಟ ಹಾಕಿದ್ದರಂತೆ. “ಹಿಂದ ಮಗ್ಗಿ ಬರದ ಗ್ವಾಡಿ ಇರೂ ಊಟ ಹುಡುಕು. ಅದರ ಹಿಂದುಮುಂದಽ ಇರತೈತಿ.” ನಾನು ಚಿತ್ರಗಳನ್ನು ಚಿಕ್ಕದಾಗಿಸಿ ಸಾಲುಸಾಲಾಗಿ ಓಡಿಸಿದೆ. ಹೊರಗೆ ಬೀದಿದೀಪ ಹತ್ತುವ ಹೊತ್ತಿಗೆ, ಎರಡೊಂದಲೆರಡರ ಕೆಳಗೆ ಅನ್ನ-ಸಾರು ಬಡಿಸುವ ಒಬ್ಬ ಸಿಕ್ಕ. ಅವನ ಹಿಂದೆಯೇ ಗಾಳಿ ಸಿಕ್ಕಿತು.

ರುಮಾಲು ಕಿವಿಯ ಮೇಲೆ ಜಾರಿದ ಒಬ್ಬ ಎತ್ತರದ ಮನುಷ್ಯ ಎರಡೂ ಕೈಯಿಂದ ಹಗ್ಗ ಎಳೆಯುತ್ತ, ಬಾಯಿ ಪೂರ್ತಿ ತೆರೆದು ನಗುತ್ತಿದ್ದ. ಚಿತ್ರದ ಎಡ ಅಂಚಿನಲ್ಲಿ ಧೂಳಿಗೆ ಕಣ್ಣು ಮುಚ್ಚಿಕೊಂಡ ಮದುಮಗನ ಅರ್ಧ ಮೈ ಇತ್ತು. ನಾವು ಯಾರೂ ಎಣಿಸಿರದ ಇನ್ನೊಂದೂ ಇತ್ತು. ಅದೇ ಹಗ್ಗದ ಹಿಂದಿನ ತುದಿಯನ್ನು ಹಳದಿ ಸೀರೆಯ ಮದುಮಗಳೇ ಹಿಡಿದು ನಿಂತಿದ್ದಳು. ಬಾಸಿಂಗ ಸೊಟ್ಟಗಾಗಿತ್ತು. ಅವಳೂ ನಗುತ್ತಿದ್ದಳು.

“ಸಿಕ್ಕಿತವಾ. ತಿರುಗು” ಎಂದ ಅಪ್ಪ.

ಆಕೆ ತಿರುಗಿದಳು, ಬಹಳ ಹೊತ್ತು ನೋಡಿದಳು. ಮುಂದಿನ ಓಣಿಯಲ್ಲಿ ಯಾರೋ ಮೆಣಸಿನಕಾಯಿ ಹುರಿಯುತ್ತಿದ್ದುದರಿಂದ ಎಲ್ಲರ ಕಣ್ಣಿನಲ್ಲೂ ನೀರಿತ್ತು. ಯಾರದು ಯಾತರದು ಎಂದು ನಾನು ವಿಂಗಡಿಸಲು ಹೋಗಲಿಲ್ಲ.

“ಈ ಎಡಗಡೆಯವನ್ನ ತಗೀರಿ ಕಾಕಾ.”

ಅಪ್ಪ ಕತ್ತರಿಸಿದ. ನಾನು ಕೇಳಿದೆ, “ನಿಮ್ಮನ್ನೂ ತಗೀಯೂದೇನ್ರಿ ಅಕ್ಕಾ? ಬಾಸಿಂಗ ಕಾಣತೈತಿ.”

ಆಕೆ ವಿಚಾರ ಮಾಡಿದಳು. “ಬ್ಯಾಡ, ಇರ್ಲಿ. ಹಗ್ಗ ಒಬ್ಬರಽ ಹಿಡಿಯಾಕ ಆಗೂದಿಲ್ಲ. ಬಾಸಿಂಗ ಅಷ್ಟಽ ಕಾಣಲಾರದಂಗ ಮಾಡ್ರಿ.”

ಬಾಸಿಂಗವನ್ನು ತೆಗೆದು ಅಲ್ಲಿ ಹಣೆಯನ್ನೂ ಕೂದಲನ್ನೂ ತುಂಬುವುದು ಅಪ್ಪನಿಗೆ ಊಟದ ಮುಂಚಿನ ಕೆಲಸ. ನಡುವೆ ತೆಗೆಸಿದ ಪಾಸ್‌ಪೋರ್ಟ್ ಫೋಟೋಗಳ ಜೊತೆ ಅದೂ ಅಚ್ಚಾಗಿ ಆಕೆಯ ಕೈಗೆ ಬಂತು. ಅಚ್ಚು ಹಾಕಲು ಬಳಸಿದ ಪೆನ್‌ಡ್ರೈವನ್ನೂ ಆಕೆಯೇ ಇಸಿದುಕೊಂಡು ರವಿಕೆಯೊಳಗಿನ ಪರ್ಸಿಗೆ ಸೇರಿಸಿದಳು. ನಾನು ಅಳಿಸಲು ಅಣಿಯಾಗುತ್ತಿದ್ದಾಗ ಕೇಳಿದಳು:

“ತಂಗಿ, ಅದರಾಗಿಂದು ಹೊರಗ ತಗದು ಎಲ್ಲಿ ಇಟ್ಟಿದ್ದಿ?”

ಚಿಕ್ಕ ಡಿಸ್ಕು. ಅಪ್ಪನನ್ನು ಸೋಲಿಸಲೆಂದು ನಾನೇ ಹುಟ್ಟಿಸಿದ ಎರಡನೆಯ ಪ್ರತಿ. ನಾನದನ್ನು ಪೂರ್ತಿ ಮರೆತಿದ್ದೆ. ವಾದದಲ್ಲಿ ಎದುರಾಳಿ ಬಿಟ್ಟ ಸಂದುಗಳು ನನಗೆ ಕಾಣುತ್ತವೆ. ನನ್ನವನ್ನು ಯಾರಾದರೂ ತೋರಿಸಬೇಕು.

“ಅದನ್ನೂ ಅಳಿಸ್ತೀನ್ರಿ” ಎಂದೆ. ಈ ಸಲದ ಅಳಿಸುವಿಕೆ ಬೇರೆ ಎಂದು ವಿವರಿಸಿದೆ. ಚೀಟಿ ಹರಿಯುವುದಲ್ಲ, ಪ್ರತಿಯೊಂದು ಚೀಲವನ್ನೂ ಬರಿದು ಮಾಡಿ ಹೊಟ್ಟು ತುಂಬುವುದು. ಡಿಸ್ಕಿನ ಮೂಲೆಮೂಲೆಯ ಮೇಲೂ ಸೊನ್ನೆ ಬರೆಯುವುದು. ಇಂಥ ತಿರುಗುವ ಹಳೆಯ ಡಿಸ್ಕಿಗೆ ಒಂದು ಸಲ ಬರೆದರೆ ಸಾಕು.

“ಮೂರು ಸಲ ಬರಿ” ಎಂದ ಅಪ್ಪ.

“ಒಂದಽ ಸಾಕು ಅಪ್ಪಾ. ಎರಡನೇದಕ್ಕ ಏನ್ ಆಧಾರ ಐತಿ ಹೇಳು.”

“ಮೂರು ಸಲ ಮಾಡು ತಂಗಿ” ಎಂದಳು ಆಕೆ. “ಒಂದಽ ಸಾಕು ಅಂತ ನನಗ ಮದುವಿ ಮುಂದೂ ಹೇಳಿದ್ರು.”

ಮೂರು ಸಲಕ್ಕೆ ಹಚ್ಚಿದೆ. ಶುರು ಮಾಡುವ ಗುಂಡಿಯನ್ನು ಆಕೆಯೇ ಒತ್ತಿದಳು. ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದಳು, “ಹೋತು ಅಂತ ನಾ ಹೆಂಗ ನಂಬಲಿ?”

ನನ್ನ ಬಾಯಲ್ಲಿ ಸದಾ ಇರುವ ಪ್ರಶ್ನೆ ಅದು. ಅವ್ವನ ಉಪವಾಸಗಳಿಗೆ, ಅಪ್ಪನ ರಾಹುಕಾಲಕ್ಕೆ, ಓಣಿಯವರ ದೃಷ್ಟಿದಾರಗಳಿಗೆಲ್ಲ ನಾನು ಎಸೆದಿದ್ದೇನೆ. ನನಗೇ ಯಾರೂ ಎಸೆದಿರಲಿಲ್ಲ. “ನಂಬಬ್ಯಾಡ್ರಿ. ನಾಳೆ ಮುಂಜಾನೆ ಬರ್ರಿ, ನಿಮ್ಮ ಮುಂದಽ ಹುಡುಕತೀನಿ” ಎಂದೆ.

ಮರುದಿನ ಒಂಬತ್ತಕ್ಕೆ ಬಂದಳು, ಬಿಡಿಸಲು ಒಂದು ಚೀಲ ಅವರೆಕಾಯಿ ಸಮೇತ. ಚಿಕ್ಕ ಡಿಸ್ಕನ್ನು ಮೊದಲು ಹುಡುಕಿ ತೋರಿಸಿದೆ, ಏನೂ ಇರಲಿಲ್ಲ. ಆಮೇಲೆ ದೊಡ್ಡದು, ನಿನ್ನೆ ಅವರನ್ನೆಲ್ಲ ಎಬ್ಬಿಸಿದ ಅದೇ ಪ್ರೋಗ್ರಾಮಿನಿಂದ. ಈ ಸಲ ಆಕೆ ಪರದೆಗೆ ಮುಖ ಮಾಡಿ ಕುಳಿತಳು. ಅದು ನಿಧಾನವಾಗಿ ಡಿಸ್ಕಿನ ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯತೊಡಗಿತು. ಸಿಕ್ಕ ಚಿತ್ರಗಳು: ಸೊನ್ನೆ. ಅವ್ವ ಬಂದು ಪಕ್ಕಕ್ಕೆ ಕುಳಿತು ಕಾಯಿ ಬಿಡಿಸಿದಳು. ಅರ್ಧ ಮುಗಿಯಿತು. ಸೊನ್ನೆ. ಅಪ್ಪ ನಡುನಡುವೆ ಬಂದು ನೋಡಿ ಹೋಗುತ್ತಿದ್ದ. ಹತ್ತು ವರ್ಷದ ದುಡಿಮೆಯೂ ಆ ಸೊನ್ನೆಯೊಳಗಿತ್ತು. “ಆಲ್ಬಮ್ ಕೊಟ್ಟಮ್ಯಾಲ ಅವು ನಮ್ಮವಲ್ಲ ಬಿಡು” ಎಂದು ತನಗೇ ಹೇಳಿಕೊಂಡ.

ಇನ್ನೂ ಸ್ವಲ್ಪ ಬಾಕಿ ಇರುವಾಗಲೇ ಗೂಡ್ಸ್ ಆಟೋ ಬಂದು ನಿಂತಿತು. ರಾಣೇಬೆನ್ನೂರಿನವರು ಒಳಗೆ ಬಂದು, ಬೆಂಚಿನ ಮೇಲೆ ಅವರೆಕಾಯಿ ಸರಿಸಿ ಜಾಗ ಮಾಡಿಕೊಂಡು ಕುಳಿತರು.

“ಏನ್ ನಡದೈತ್ರಿ?”

“ಖಾಲಿ ಐತಿ ಅಂತ ತೋರಿಸಾಕತ್ತೇವ್ರಿ” ಎಂದ ಅಪ್ಪ.

“ಖಾಲಿ ತೋರಿಸಾಕ ಇಷ್ಟೊತ್ತ?”

“ತುಂಬಿದ್ದು ತೋರಿಸೂದು ಹಗೂರರೀ” ಎಂದಳು ಆಕೆ, ಪರದೆಯಿಂದ ಕಣ್ಣು ತೆಗೆಯದೆ. “ಖಾಲಿ ತೋರಿಸೂದಽ ಕಷ್ಟ.”

ಅವರಿಗೆ ಅದು ತಮಾಷೆಯಾಗಿ ಕೇಳಿಸಿತು, ನಕ್ಕರು. ತಾವೂ ಒಂದೆರಡು ಅವರೆಕಾಯಿ ಎತ್ತಿಕೊಂಡು ಬಿಡಿಸತೊಡಗಿದರು. ನಾಲ್ಕೂ ಜನ ಏನೂ ಬರದ ಪರದೆಯನ್ನು ನೋಡುತ್ತ ಕುಳಿತಿದ್ದರು.

ಕೊನೆಯ ಗೆರೆ ತುಂಬಿತು. ಸೊನ್ನೆ.

ಆಕೆ ಮಡಿಲಿನ ಸಿಪ್ಪೆ ಕೊಡವಿ ಎದ್ದಳು. “ಇನ್ನೊಮ್ಮೆ ಹುಡುಕ್ಲೇನ್ರಿ?” ಎಂದೆ. ಬೇಡವೆಂದು ತಲೆಯಾಡಿಸಿ, ಆಟೋದವರಿಗೆ ದಾರಿ ಬಿಟ್ಟು ನಿಂತಳು. ಪೆಟ್ಟಿಗೆಯನ್ನು ಹೊರಗೆ ಒಯ್ಯುವುದನ್ನು ನೋಡಿದಳು. ಆಮೇಲೆ ಕೊಂಡವರನ್ನು ಕೇಳಿದಳು:

“ನಿಮ್ಮಲ್ಲಿ ರೇಷನ್ ಕಾರ್ಡಿಗೆ ಹೆಸರು ಸೇರಿಸೂ ಅರ್ಜಿ ತುಂಬತೀರೇನ್ರಿ?”

“ತುಂಬತೀವ್ರಿ. ನೀವು ರಾಣೇಬೆನ್ನೂರಿನವರಽನ್ರಿ?”

“ಮುಂದಿನ ತಿಂಗಳದಿಂದ.”

“ಬರ್ರಿ ಮತ್ತ. ಇದಽ ಕಂಪ್ಯೂಟರ್‌ನ್ಯಾಗ ತುಂಬಿಕೊಡತೀನಿ.”

“ಬರತೀನ್ರಿ” ಎಂದಳು ಆಕೆ. “ಖಾಲಿ ಐತಲ್ಲ, ಅದರಾಗ ಮೊದಲ ನನ್ನ ಹೆಸರಽ ಹಾಕ್ರಿ.”